ಮೂರು ಮಿಲಿಮೀಟರ್ ಎಡಕ್ಕೆ

ಕ್ಲಚ್ ಪ್ಲೇಟ್ ಹಾಕಿಸಿಕೊಂಡು ಹೋದ ಗಾಡಿ ವಾರದೊಳಗೆ ಮತ್ತೆ ಗ್ಯಾರೇಜಿನ ಮುಂದೆ ಬಂದು ನಿಲ್ಲುತ್ತದೆ. “ಕ್ಲಚ್ ಛಲೋ ಆಗೇತ್ರಿ, ಆದ್ರ ಗಾಡಿ ಬಲಕ್ಕ ಜಗ್ಗಾಕತ್ತೈತಿ” ಎನ್ನುತ್ತಾರೆ ಮಾಲಕರು. ಮಿಸ್ತ್ರಿ ಗಾಳಿ ನೋಡುತ್ತಾನೆ, ಸರಿಯಿದೆ. ಅಲೈನ್‌ಮೆಂಟಿಗೆ ಕಳಿಸುತ್ತಾನೆ. ಅಲ್ಲಿಂದ ಬಂದ ಮೇಲೆ ಸ್ಟೇರಿಂಗ್ ನೆಟ್ಟಗಾಗುತ್ತದೆ, ಜಗ್ಗುವುದು ಮಾತ್ರ ನಿಲ್ಲುವುದಿಲ್ಲ. ಕೆಲವು ತಿಂಗಳು ಕಳೆದ ಮೇಲೆ ಎಡಗಡೆಯ ಮುಂದಿನ ಟೈರಿನ ಒಳಮೈ ಬೋಳಾಗಿರುತ್ತದೆ, ಹೊರಮೈ ಹೊಸದರಂತೆ ಇರುತ್ತದೆ. ಆಗ ಟೈರ್ ಕಂಪನಿಗೆ ಬೈಗಳು, ರಸ್ತೆಗೆ ಬೈಗಳು.

ತಪ್ಪು ಟೈರಿನದಲ್ಲ, ಕ್ಲಚ್ಚಿನದೂ ಅಲ್ಲ. ಗೇರ್‌ಬಾಕ್ಸ್ ಹೊರಗೆ ತೆಗೆಯಲು ದಾರಿ ಬೇಕೆಂದು ಕೆಳಗಿಳಿಸಿದ ಒಂದು ದೊಡ್ಡ ಉಕ್ಕಿನ ಚೌಕಟ್ಟನ್ನು ಮರಳಿ ಕೂರಿಸುವಾಗ ಅದು ತನ್ನ ಜಾಗದಿಂದ ಒಂದಿಷ್ಟು ಸರಿದಿದೆ. ಮಿಸ್ತ್ರಿಗಳು ಅದನ್ನು ಸಬ್‌ಫ್ರೇಮ್ ಎನ್ನುತ್ತಾರೆ, ಕೆಲವರು ಕ್ರಾಸ್ ಮೆಂಬರ್ ಎನ್ನುತ್ತಾರೆ. ಬೋಲ್ಟೆಲ್ಲ ಬಿಗಿಯಾಗಿವೆ, ಎಲ್ಲಿಯೂ ಸಪ್ಪಳವಿಲ್ಲ. ಕೆಳಗೆ ಬಗ್ಗಿ ನೋಡಿದರೂ ಏನೂ ಕಾಣುವುದಿಲ್ಲ. ಆದರೂ ಗಾಡಿ ನೆಟ್ಟಗಿಲ್ಲ. ಬಿಗಿ ಇರುವುದು ಬೇರೆ, ಜಾಗದಲ್ಲಿರುವುದು ಬೇರೆ ಎಂಬುದನ್ನು ಈ ಕೆಲಸದಷ್ಟು ಸ್ಪಷ್ಟವಾಗಿ ತೋರಿಸುವ ಕೆಲಸ ಗ್ಯಾರೇಜಿನಲ್ಲಿ ಇನ್ನೊಂದಿಲ್ಲ.

ಶಿಗ್ಗಾಂವ ಹೆದ್ದಾರಿಯ ಊರು. ಹಳೆಯ ಎನ್.ಎಚ್. 4, ಈಗಿನ 48, ತಡಸದ ಕಡೆಯಿಂದ ಬಂದು ಬಂಕಾಪುರದ ಕಡೆ ಹೋಗುತ್ತದೆ. ದವಾಖಾನೆಗೆ, ಕಾಲೇಜಿಗೆ, ಅರಿವೆ ಖರೀದಿಗೆ ಹುಬ್ಬಳ್ಳಿಗೆ ಹೋಗುವವರು ಈ ರಸ್ತೆಯಲ್ಲಿ ನೂರರ ವೇಗದಲ್ಲಿ ಓಡಿಸುತ್ತಾರೆ. ಹೆದ್ದಾರಿ ಬಿಟ್ಟು ಶಿಶುನಾಳಕ್ಕೋ ಬಾಡಕ್ಕೋ ಸವಣೂರಿಗೋ ತಿರುಗಿದರೆ ರಸ್ತೆಯ ಗುಣವೇ ಬದಲಾಗುತ್ತದೆ. ಎರೆಭೂಮಿಯ ಮಣ್ಣು ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಿರಿಯುತ್ತದೆ. ಅದರ ಮೇಲೆ ಹಾಕಿದ ಡಾಂಬರು ಎಷ್ಟು ಒಳ್ಳೆಯದಿದ್ದರೂ ಅಲೆಯಲೆಯಾಗುತ್ತದೆ, ಅಂಚು ಕುಸಿಯುತ್ತದೆ. ಊರೂರಿಗೂ ಇರುವ ಹಂಪುಗಳಿಗೆ ಒಂದು ಅಳತೆಯಿಲ್ಲ. ಇಂಥ ಕಡೆ ಕಾರಿನ ಹೊಟ್ಟೆ ತಾಗುತ್ತದೆ, ಗಾಲಿ ಹಿಡಿಯುವ ಲೋವರ್ ಆರ್ಮಿನ ರಬ್ಬರ್ ಬುಶ್ಶು ಬೇಗ ಸವೆಯುತ್ತದೆ, ಸ್ಟೇರಿಂಗ್ ರ‍್ಯಾಕ್ ಸಡಿಲಾಗುತ್ತದೆ. ರ‍್ಯಾಕ್ ಬಿಚ್ಚಬೇಕೆಂದರೂ ಎಷ್ಟೋ ಗಾಡಿಗಳಲ್ಲಿ ಸಬ್‌ಫ್ರೇಮ್ ಇಳಿಸಲೇಬೇಕು. ಹಾಗಾಗಿ ನಮ್ಮ ತಾಲೂಕಿನಲ್ಲಿ ಇದು ಅಪರೂಪದ ಕೆಲಸವಲ್ಲ. ಒಳರಸ್ತೆಯ ಹೊಡೆತಕ್ಕೆ ಬಿಚ್ಚಿಸಿಕೊಂಡ ಗಾಡಿ ಮರುದಿನ ಹೆದ್ದಾರಿಯ ವೇಗದಲ್ಲಿ ಓಡುತ್ತದೆ ಎಂಬುದೇ ನನ್ನ ಕಾಳಜಿ.

ಈ ಸಬ್‌ಫ್ರೇಮ್ ಏಕೆ ಬಂತೆಂದು ತಿಳಿಯಲು ಚಾಸಿಯಿಂದ ಶುರುಮಾಡಬೇಕು. ಕಾರಿಗೆ ಚಾಸಿ ಇದ್ದೇ ಇರುತ್ತದೆ ಎಂಬುದು ನಮ್ಮ ಕಡೆ ಗಟ್ಟಿ ನಂಬಿಕೆ. ಲಾರಿಗೆ ಇದೆ, ಟ್ರೇಲರಿಗೆ ಇದೆ, ಬೊಲೆರೊಗೆ ಇದೆ. ಬಿಡದಿಯ ಟೊಯೋಟಾ ಕಿರ್ಲೋಸ್ಕರ್ ಕಾರ್ಖಾನೆಯಿಂದ 2005ರಲ್ಲಿ ಬಂದ ಇನ್ನೋವಾಕ್ಕೂ ಇತ್ತು: ಉದ್ದಕ್ಕೆ ಎರಡು ಉಕ್ಕಿನ ತೊಲೆ, ನಡುವೆ ಅಡ್ಡಪಟ್ಟಿ, ಅದರ ಮೇಲೆ ಬಾಡಿ. ಅದೇ ಕಾರ್ಖಾನೆ 2022ರ ಕೊನೆಗೆ ತೋರಿಸಿದ ಇನ್ನೋವಾ ಹೈಕ್ರಾಸ್‌ನಲ್ಲಿ ಆ ತೊಲೆಗಳಿಲ್ಲ. ಮಡಚಿ ಬೆಸೆದ ತಗಡಿನ ಬಾಡಿಯೇ ಅದರ ಎಲುಬು. ಸ್ವಿಫ್ಟ್, ಐ20, ಬಲೆನೊ ಹೀಗೆ ಇಂದು ರಸ್ತೆಯಲ್ಲಿರುವ ಬಹುಪಾಲು ಸಣ್ಣ ಕಾರುಗಳು ಇದೇ ಜಾತಿಯವು. ಸರಕಾರಿ ಕಚೇರಿಗಳ ಮುಂದೆ ನಿಲ್ಲುತ್ತಿದ್ದ ಹಳೆಯ ಅಂಬಾಸಿಡರಿಗೂ ಪ್ರತ್ಯೇಕ ಚಾಸಿ ಇರಲಿಲ್ಲ ಎಂದರೆ ಹಿರಿಯರು ನಂಬುವುದಿಲ್ಲ. ಆದರೆ ಅದು ನಿಜ.

ಬಾಡಿಯೇ ಎಲುಬಾದಾಗ ಒಂದು ತೊಡಕು ಹುಟ್ಟುತ್ತದೆ. ಎಂಜಿನ್ನಿನ ನಡುಕ, ಗಾಲಿಯ ಹೊಡೆತ, ಬ್ರೇಕಿನ ಎಳೆತ ಎಲ್ಲವೂ ತಗಡಿನ ಕೆಲವೇ ಬಿಂದುಗಳ ಮೇಲೆ ಬೀಳುತ್ತವೆ. ಬ್ರಿಟನ್ನಿನಲ್ಲಿ ಅಲೆಕ್ ಇಸಿಗೋನಿಸ್ ರೂಪಿಸಿದ ಮಿನಿ ಕಾರು 1959ರಲ್ಲಿ ಹೊರಬಂದಾಗ ಅದಕ್ಕೆ ಮುಂದೊಂದು ಹಿಂದೊಂದು ಸಬ್‌ಫ್ರೇಮ್ ಇದ್ದವು. ಪ್ರಯೋಗದ ಗಾಡಿಗಳಲ್ಲಿ ಸಸ್ಪೆನ್ಶನ್ನಿನ ಬಲಕ್ಕೆ ಬಾಡಿ ಬಿರುಕು ಬಿಟ್ಟಿದ್ದರಿಂದ ಆ ಬಲವನ್ನು ಹಂಚಲು ಕೊಟ್ಟ ಪರಿಹಾರ ಅದು. ಎಂಜಿನ್, ಗೇರ್‌ಬಾಕ್ಸ್, ಮುಂದಿನ ಗಾಲಿಗಳ ಜೋಡಣೆ ಎಲ್ಲವನ್ನೂ ಒಂದೇ ಘಟಕವಾಗಿ ಬಾಡಿಗೆ ಬಿಗಿಯುವ ಅನುಕೂಲವೂ ಕಾರ್ಖಾನೆಗೆ ಸಿಕ್ಕಿತು. ಇಂದಿಗೂ ಕಾರ್ಖಾನೆಗಳಲ್ಲಿ ಹೀಗೆಯೇ ನಡೆಯುತ್ತದೆ. ಕೆಳಗೆ ಅಚ್ಚಿನಂಥ ಮೇಜಿನ ಮೇಲೆ ಎಂಜಿನ್ ಮತ್ತು ಸಬ್‌ಫ್ರೇಮ್ ಸಿದ್ಧವಾಗಿರುತ್ತವೆ, ಮೇಲಿನಿಂದ ಬಾಡಿ ಇಳಿಯುತ್ತದೆ. ಗೂಟಗಳು ರಂಧ್ರಕ್ಕೆ ಹೊಕ್ಕು ಎರಡನ್ನೂ ಒಂದೇ ಜಾಗಕ್ಕೆ ತರುತ್ತವೆ. ವಿದ್ಯುತ್ ರೆಂಚುಗಳು ಪ್ರತಿ ಬೋಲ್ಟನ್ನೂ ಅಳೆದು ಬಿಗಿಯುತ್ತವೆ. ಗ್ಯಾರೇಜಿನಲ್ಲಿ ಆ ಮೇಜಿಲ್ಲ. ಮೇಜಿನ ಕೆಲಸವನ್ನು ಒಂದು ಜ್ಯಾಕು, ಎರಡು ಕೈ, ಒಂದು ಅಳತೆಪಟ್ಟಿ ಮಾಡಬೇಕು.

ಜಾಗ ಇಷ್ಟು ಮುಖ್ಯವಾಗಲು ಕಾರಣ ಗಾಲಿಯನ್ನು ಹಿಡಿದಿಡುವ ರೀತಿ. ಫೋರ್ಡ್ ಕಂಪನಿಯ ಅರ್ಲ್ ಮ್ಯಾಕ್‌ಫರ್ಸನ್ ಎಂಬ ಎಂಜಿನಿಯರನ ಹೆಸರಿನಲ್ಲಿ ಪ್ರಸಿದ್ಧವಾದ ವ್ಯವಸ್ಥೆಯೇ ಇಂದು ನಮ್ಮ ಬಹುತೇಕ ಕಾರುಗಳ ಮುಂಭಾಗದಲ್ಲಿದೆ. ಶಾಕಪ್ಪು ಮತ್ತು ಸ್ಪ್ರಿಂಗು ಸೇರಿದ ಸ್ಟ್ರಟ್ಟಿನ ಮೇಲ್ತುದಿ ಬಾಡಿಗೆ ಕೂತಿರುತ್ತದೆ. ಗಾಲಿಯ ಕೆಳಭಾಗವನ್ನು ಲೋವರ್ ಆರ್ಮ್ ಹಿಡಿದಿರುತ್ತದೆ, ಆ ಆರ್ಮಿನ ಬುಡ ಇರುವುದು ಸಬ್‌ಫ್ರೇಮಿನಲ್ಲಿ. ಅಂದರೆ ಗಾಲಿಯ ತಲೆ ಬಾಡಿಯ ಕೈಯಲ್ಲಿ, ಪಾದ ಸಬ್‌ಫ್ರೇಮಿನ ಕೈಯಲ್ಲಿ. ಸ್ಟೇರಿಂಗ್ ರ‍್ಯಾಕೂ ಬಹುಪಾಲು ಅದರ ಮೇಲೆಯೇ ಇರುತ್ತದೆ. ಸಬ್‌ಫ್ರೇಮ್ ಸರಿದರೆ ಎರಡೂ ಗಾಲಿಗಳ ಪಾದ ಒಟ್ಟಿಗೆ ಸರಿಯುತ್ತವೆ, ತಲೆ ಇದ್ದಲ್ಲೇ ಇರುತ್ತದೆ.

ಲೆಕ್ಕ ಹಾಕಿ ನೋಡೋಣ. ಬೋಲ್ಟಿಗಿಂತ ಬೋಲ್ಟಿನ ರಂಧ್ರ ದೊಡ್ಡದಿರುತ್ತದೆ, ಜೋಡಣೆಗೆ ಒಂದಿಷ್ಟು ಸಡಿಲು ಬೇಕಲ್ಲ. ಆ ಸಡಿಲಿನಲ್ಲಿ ಸಬ್‌ಫ್ರೇಮ್ 3 ಮಿಲಿಮೀಟರ್ ಎಡಕ್ಕೆ ಕೂತಿತು ಎನ್ನಿ. ಆರ್ಮು ಗಾಲಿಗೆ ಸೇರುವ ಕೆಳಗಿನ ಬಾಲ್ ಜಾಯಿಂಟಿನಿಂದ ಸ್ಟ್ರಟ್ಟಿನ ತಲೆಯವರೆಗೆ 600 ಮಿಲಿಮೀಟರ್ ಎಂದು ಹಿಡಿದರೆ, 3 ಮಿಲಿಮೀಟರಿಗೆ ಗಾಲಿ ವಾಲುವುದು ಸುಮಾರು 0.29 ಡಿಗ್ರಿ. ಎಡಗಾಲಿಯ ಪಾದ ಹೊರಗೆ ಹೋಗಿ ತಲೆ ಒಳಕ್ಕೆ ವಾಲಿದಂತಾಗುತ್ತದೆ, ಬಲಗಾಲಿ ಅಷ್ಟೇ ಪ್ರಮಾಣದಲ್ಲಿ ಹೊರಕ್ಕೆ ವಾಲುತ್ತದೆ. ಎರಡರ ನಡುವಿನ ಅಂತರ ಅರ್ಧ ಡಿಗ್ರಿಗಿಂತ ಹೆಚ್ಚು. ನೆಟ್ಟಗಿನ ರಸ್ತೆಯಲ್ಲಿ ಗಾಡಿ ಒಂದು ಕಡೆ ಜಗ್ಗಲು ಇಷ್ಟು ಸಾಕು. ಹೊರಕ್ಕೆ ಹೆಚ್ಚು ವಾಲಿದ ಗಾಲಿಯ ಕಡೆಗೇ ಗಾಡಿ ಜಗ್ಗುತ್ತದೆ. ಹಾಗಾಗಿ ಸಬ್‌ಫ್ರೇಮ್ ಎಡಕ್ಕೆ ಸರಿದರೆ ಗಾಡಿ ಬಲಕ್ಕೆ ಹೋಗುತ್ತದೆ, ಎಡ ಟೈರಿನ ಒಳಮೈ ಬೋಳಾಗುತ್ತದೆ. ಮೊದಲಿಗೆ ಹೇಳಿದ ದೂರು ಇದೇ.

ಈ 3 ಮಿಲಿಮೀಟರನ್ನು ಉಳಿಸುವ ಕೆಲಸ ಬಿಚ್ಚುವ ಮೊದಲೇ ಶುರುವಾಗುತ್ತದೆ. ಸಬ್‌ಫ್ರೇಮ್ ಬಾಡಿಗೆ ತಾಗುವ ಪ್ರತಿ ಮೂಲೆಯ ಸುತ್ತ ಬಿಳಿ ಬಣ್ಣದಲ್ಲಿ ತೆಳುವಾದ ಗೆರೆ ಎಳೆಯಬೇಕು. ವರ್ಷಗಟ್ಟಲೆ ಒತ್ತಿ ಕೂತ ವಾಶರಿನ ಗುರುತೂ ಅಲ್ಲೇ ಇರುತ್ತದೆ, ಕೆಸರು ಒರೆಸಿದರೆ ಹೊಳೆಯುತ್ತದೆ. ಸ್ಟೇರಿಂಗ್ ಕಂಬ ರ‍್ಯಾಕಿಗೆ ಸೇರುವ ಜಾಯಿಂಟಿನ ಮೇಲೂ ಅಡ್ಡ ಗೆರೆ ಬೇಕು. ಈಗ ಎಲ್ಲರ ಜೇಬಿನಲ್ಲೂ ಕ್ಯಾಮೆರಾ ಇದೆ, ಫೋಟೊ ತೆಗೆದಿಟ್ಟುಕೊಂಡರೆ ಖರ್ಚೇನೂ ಇಲ್ಲ. ಗೆರೆ ಎಳೆಯದೆ ಬಿಚ್ಚಿದವನು ಕೂರಿಸುವಾಗ ಊಹೆಯ ಮೇಲೆ ನಡೆಯುತ್ತಾನೆ.

ಸ್ಟೇರಿಂಗ್ ಚಕ್ರವನ್ನು ನೆಟ್ಟಗೆ ನಿಲ್ಲಿಸಿ ಕಟ್ಟಿಬಿಡಬೇಕು, ಸೀಟ್ ಬೆಲ್ಟಿನಿಂದ ಕಟ್ಟಿದರೂ ನಡೆದೀತು. 2019ರ ಜುಲೈಯಿಂದ ನಮ್ಮ ದೇಶದಲ್ಲಿ ಮಾರುವ ಕಾರುಗಳಿಗೆ ಡ್ರೈವರ್ ಏರ್‌ಬ್ಯಾಗ್ ಕಡ್ಡಾಯವಾಗಿದೆ. ಅದಕ್ಕೆ ಕರೆಂಟು ಒಯ್ಯುವ ರಿಬ್ಬನ್ನಿನಂಥ ತಂತಿ ಚಕ್ರದ ಒಳಗೆ ಸುರುಳಿಯಾಗಿ ಕೂತಿರುತ್ತದೆ. ಕ್ಲಾಕ್ ಸ್ಪ್ರಿಂಗ್ ಎಂದು ಅದರ ಹೆಸರು. ರ‍್ಯಾಕಿಗೆ ಸೇರಿದ್ದಾಗ ಚಕ್ರ ಎರಡೂ ಬದಿಗೆ ಒಂದು ಮಿತಿಯವರೆಗಷ್ಟೇ ತಿರುಗುತ್ತದೆ. ಜಾಯಿಂಟ್ ಬಿಚ್ಚಿದ ಮೇಲೆ ಮಿತಿಯೇ ಇಲ್ಲ. ಯಾರೋ ಹುಡುಗ ಸೀಟಿನಲ್ಲಿ ಕೂತು ಸುಮ್ಮನೆ ತಿರುಗಿಸಿದರೆ ಸುರುಳಿ ಹರಿಯುತ್ತದೆ, ಏರ್‌ಬ್ಯಾಗಿನ ಕೆಂಪು ದೀಪ ಹತ್ತುತ್ತದೆ. ಆ ದೀಪವನ್ನು ಕೆಲವರು ಟೇಪ್ ಅಂಟಿಸಿ ಮುಚ್ಚುತ್ತಾರೆ. ಅಪಘಾತದ ಹೊತ್ತಿಗೆ ಏರ್‌ಬ್ಯಾಗ್ ತೆರೆಯುವುದಿಲ್ಲ ಎಂದು ಗೊತ್ತಿದ್ದೂ ದೀಪ ಮುಚ್ಚುವುದು ಯಾರ ಜೀವದ ಮೇಲೆ ಎಂಬುದನ್ನು ಮಿಸ್ತ್ರಿಯೂ ಮಾಲಕರೂ ಯೋಚಿಸಬೇಕು.

ಸಬ್‌ಫ್ರೇಮ್ ನೆಲದ ಮೇಲಿದ್ದಾಗ ನೋಡಬೇಕಾದ್ದು ಬಹಳ ಇದೆ, ನೋಡುವವರು ಕಡಿಮೆ. ಬೆಸುಗೆಯ ಸಾಲಿನಲ್ಲಿ ಕೂದಲೆಳೆಯ ಬಿರುಕಿದೆಯೇ, ಆರ್ಮ್ ಕೂರುವ ಕಿವಿಗಳು ಅಗಲವಾಗಿವೆಯೇ, ನೀರು ನಿಲ್ಲುವ ಮೂಲೆಯಲ್ಲಿ ತುಕ್ಕು ಒಳಗಿನಿಂದ ತಿಂದಿದೆಯೇ ಎಂದು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ನೋಡಬೇಕು. ಆಮೇಲೆ ಅಳತೆ. ಎದುರು ಬದುರಿನ ರಂಧ್ರಗಳ ನಡುವೆ ಮೂಲೆಯಿಂದ ಮೂಲೆಗೆ ಪಟ್ಟಿ ಹಿಡಿದು ಎರಡು ಕರ್ಣಗಳನ್ನು ಅಳೆದರೆ ಅವು ಸಮನಾಗಿರಬೇಕು. ಗುಜರಿ ಅಂಗಡಿಯಿಂದ ತಂದ ಸಬ್‌ಫ್ರೇಮಿಗಂತೂ ಈ ಅಳತೆ ಬಿಡುವಂತೆಯೇ ಇಲ್ಲ. ಅದು ಗುಜರಿಗೆ ಬಂದದ್ದೇ ಒಂದು ಗಾಡಿ ಗುದ್ದಿಸಿಕೊಂಡ ಕಾರಣಕ್ಕೆ ಇರಬಹುದು. ಬಗ್ಗಿದ್ದನ್ನು ಬೆಂಕಿ ಹಚ್ಚಿ ನೆಟ್ಟಗೆ ಮಾಡಿ ಹಾಕುವ ಪದ್ಧತಿ ನನಗೆ ಸುತರಾಂ ಒಪ್ಪಿಗೆಯಿಲ್ಲ. ಕಾಯಿಸಿದ ಉಕ್ಕಿನ ಗಟ್ಟಿತನ ಮೊದಲಿನಷ್ಟು ಉಳಿಯುತ್ತದೆಂಬ ಭರವಸೆ ಯಾರೂ ಕೊಡಲಾರರು.

ಬಾಡಿಯ ಕಡೆಯ ನಟ್ಟುಗಳು ತಗಡಿನ ಒಳಗೆ ಬೆಸೆದಿರುತ್ತವೆ, ಹೊರಗೆ ಕಾಣುವುದಿಲ್ಲ. ಅವುಗಳ ಥ್ರೆಡ್ಡಿನಲ್ಲಿ ಮಣ್ಣು, ತುಕ್ಕು ತುಂಬಿರುತ್ತದೆ. ಸರಿಯಾದ ಅಳತೆಯ ಟ್ಯಾಪ್ ಹಾಕಿ, ಬ್ರಶ್ಶಿನಿಂದ ತಿಕ್ಕಿ ಚೊಕ್ಕ ಮಾಡದೆ ಬೋಲ್ಟ್ ತುರುಕಿದರೆ ನಟ್ಟು ಒಳಗೇ ಕಿತ್ತುಬರುತ್ತದೆ. ಆಮೇಲೆ ತಗಡು ಕೊರೆದು ಹೊಸ ನಟ್ಟು ಬೆಸೆಯುವುದೊಂದೇ ದಾರಿ. ಹತ್ತು ನಿಮಿಷದ ಸ್ವಚ್ಛತೆ ಉಳಿಸಲು ಹೋಗಿ ಎರಡು ದಿನದ ಕೆಲಸ ತಂದುಕೊಳ್ಳುವುದು ಇಲ್ಲಿಯೇ.

ಇನ್ನು ಎತ್ತುವ ಹೊತ್ತು. ಗಾಡಿ ಸ್ಟ್ಯಾಂಡಿನ ಮೇಲೆ ನಿಂತಿದೆ. ಜ್ಯಾಕು ಎತ್ತುವುದಕ್ಕೆ, ಹೊರುವುದಕ್ಕಲ್ಲ. ಜ್ಯಾಕಿನ ಮೇಲಷ್ಟೇ ನಿಂತ ಗಾಡಿಯ ಕೆಳಗೆ ತಲೆ ಹಾಕಬಾರದು, ಕಲ್ಲು ಒಟ್ಟಿ ನಿಲ್ಲಿಸಿದ ಗಾಡಿಯ ಕೆಳಗಂತೂ ಎಂದೂ ಇಲ್ಲ. ಎಂಜಿನ್ನನ್ನು ಮೇಲಿನಿಂದ ಅಡ್ಡ ಕಂಬ ಇಟ್ಟು ಸರಪಳಿಯಲ್ಲಿ ತೂಗಿರಬೇಕು. ಏಕೆಂದರೆ ಎಂಜಿನ್ನಿನ ಒಂದು ಮೌಂಟಿಂಗು ಬಹಳಷ್ಟು ಗಾಡಿಗಳಲ್ಲಿ ಸಬ್‌ಫ್ರೇಮಿಗೇ ಇರುತ್ತದೆ. ಬರಿಯ ಉಕ್ಕಿನ ಸಬ್‌ಫ್ರೇಮ್ ಒಬ್ಬ ಹೊರುವಷ್ಟೇ ತೂಗುತ್ತದೆ. ಆದರೆ ಆರ್ಮು, ರ‍್ಯಾಕು, ಸ್ಟೆಬಿಲೈಜರ್ ಬಾರು ಸೇರಿದರೆ ಒಂದೇ ಕಡೆ ವಾಲುವ ಒಡ್ಡುಭಾರವಾಗುತ್ತದೆ. ಟ್ರಾಲಿ ಜ್ಯಾಕಿನ ಮೇಲೆ ಹಲಗೆ ಇಟ್ಟು, ನಡುಭಾರ ನೋಡಿ ಕೂರಿಸಿ, ಇಬ್ಬರು ಎರಡು ಬದಿಗೆ ಹಿಡಿಯಬೇಕು.

ನಮ್ಮ ಹೆದ್ದಾರಿ ಬದಿಯ ಗ್ಯಾರೇಜೊಂದರಲ್ಲಿ ಈ ಕೆಲಸ ನೋಡುತ್ತ ನಿಂತಾಗ ಹಿರಿಯ ಮಿಸ್ತ್ರಿ ಜ್ಯಾಕಿನ ಹಿಡಿಕೆ ಒತ್ತುವುದಕ್ಕಿಂತ ಹೆಚ್ಚು ಹೊತ್ತು ಬ್ಯಾಟರಿ ಹಿಡಿದು ಮೇಲೆ ನೋಡುತ್ತಿದ್ದರು. “ತಡಿಯಪಾ, ಬ್ರೇಕ್ ಪೈಪ್ ನೋಡು. ಸಿಕ್ಕೊಂಡೈತೇನ?” ಹುಡುಗ ಕೈ ಹಾಕಿ ಪೈಪು ಸರಿಸಿದ. ಮತ್ತೆ ಎರಡು ಒತ್ತು. “ಈಗ ಎಬಿಎಸ್ ವಾಯರ್ ನೋಡು.” ಮತ್ತೆ ಎರಡು. ಸ್ಟೇರಿಂಗಿನ ಜಾಯಿಂಟ್ ತನ್ನ ತೋಡಿಗೆ ಹೊಕ್ಕಿತೇ ಎಂದು ಒಬ್ಬ ಗಾಡಿಯ ಒಳಗೆ ಕಾಲಡಿ ಬಗ್ಗಿ ನೋಡುತ್ತಿದ್ದ. ಒಮ್ಮೆಗೆ ಎತ್ತಿ ಗಟ್ಟಿಸಿದ್ದರೆ ಐದು ನಿಮಿಷದಲ್ಲಿ ಮುಗಿಯುತ್ತಿತ್ತು. ಪೈಪು ಅಡಿಯಲ್ಲಿ ಸಿಕ್ಕು ನಜ್ಜುಗುಜ್ಜಾಗಿದ್ದರೆ ಗೊತ್ತಾಗುತ್ತಿದ್ದುದು ಮೊದಲ ಜೋರು ಬ್ರೇಕಿನಲ್ಲಿ.

ಮೇಲಕ್ಕೆ ಬಂದ ಮೇಲೆ ಪಾನಾ ಮುಟ್ಟುವಂತಿಲ್ಲ. ಪ್ರತಿ ಬೋಲ್ಟನ್ನೂ ಬೆರಳಲ್ಲಿ ಹಿಡಿದು ನಾಲ್ಕೈದು ಸುತ್ತು ಬರಿಗೈಯಿಂದಲೇ ಹತ್ತಿಸಬೇಕು. ಬೆರಳಿಗೆ ಹೋಗದ ಬೋಲ್ಟು ಓರೆಯಾಗಿ ಹತ್ತುತ್ತಿದೆ ಎಂದೇ ಅರ್ಥ. ಅದನ್ನು ಬೋಲ್ಟು ಬಿಗಿಯುವ ಗನ್ನು ಹಿಡಿದು ಒಳಗೆ ನುಗ್ಗಿಸಿದರೆ ಥ್ರೆಡ್ ಹಾಳು. ಕಟ್ಟಿಗೆಯ ಮಂಚ ಜೋಡಿಸುವ ಬಡಿಗೇರ ಒಂದು ಮೂಲೆಯನ್ನು ಪೂರ್ತಿ ಬಡಿದು ಮುಂದಿನದಕ್ಕೆ ಹೋಗುವುದಿಲ್ಲ. ನಾಲ್ಕೂ ಮೂಲೆಯನ್ನು ಅರ್ಧರ್ಧ ಹೊಗಿಸಿ, ಮಂಚ ಚೌಕವಾಗಿದೆ ಎಂದು ಕಂಡ ಮೇಲೆ ಬಡಿಯುತ್ತಾನೆ. ಇಲ್ಲಿಯೂ ಎಲ್ಲ ಬೋಲ್ಟುಗಳು ಸಡಿಲಾಗಿ ಕೂತ ಮೇಲೆ, ಸಬ್‌ಫ್ರೇಮ್ ಇನ್ನೂ ಕೈಯಿಂದ ಅಲುಗುವಾಗ, ಅದನ್ನು ಜಾಗಕ್ಕೆ ತರಬೇಕು.

ತಯಾರಕರು ಅನೇಕ ಸಬ್‌ಫ್ರೇಮುಗಳಲ್ಲಿ ಬೋಲ್ಟಿಗಲ್ಲದ ಎರಡು ರಂಧ್ರ ಕೊಟ್ಟಿರುತ್ತಾರೆ, ಅದಕ್ಕೆ ಎದುರಾಗಿ ಬಾಡಿಯಲ್ಲೂ ರಂಧ್ರವಿರುತ್ತದೆ. ಸರಿಯಾದ ದಪ್ಪದ ಸಲಾಕೆಯನ್ನು ಎರಡರ ಮೂಲಕವೂ ತೂರಿಸಿದರೆ ಸಬ್‌ಫ್ರೇಮ್ ಕಾರ್ಖಾನೆಯ ಜಾಗಕ್ಕೆ ಬಂದಂತೆ. ಕಂಪನಿಯ ಸಲಾಕೆಯೇ ಬೇಕೆಂದಿಲ್ಲ, ಲೇತಿನಲ್ಲಿ ಮಾಡಿಸಿಕೊಂಡದ್ದೂ ಸಾಕು. ರಂಧ್ರ ಇಲ್ಲದ ಗಾಡಿಯಲ್ಲಿ ಹಳೆಯ ಗೆರೆಗಳೇ ಆಧಾರ. ಗೆರೆಯೂ ಇಲ್ಲದಿದ್ದರೆ ಬಾಡಿಯ ಎರಡು ಬದಿಯ ಒಂದೇ ಬಗೆಯ ರಂಧ್ರಗಳಿಂದ ಸಬ್‌ಫ್ರೇಮಿನ ಮೂಲೆಗಳಿಗೆ ಅಳೆದು ಎಡಬಲ ಸಮ ಮಾಡಬೇಕು. ಟಾಮಿ, ಅಂದರೆ ಸನ್ನೆಕೋಲು, ಹಾಕಿ ಒಂದು ಕೂದಲು ಈ ಕಡೆ, ಒಂದು ಕೂದಲು ಆ ಕಡೆ. ಈ ಹದಿನೈದು ನಿಮಿಷದಲ್ಲಿ ಮಿಸ್ತ್ರಿಯ ಕಸುಬು ಎಷ್ಟೆಂದು ತಿಳಿಯುತ್ತದೆ.

ಬಿಗಿಯುವಾಗ ಬೋಲ್ಟಿನಲ್ಲಿ ನಡೆಯುವುದೇನೆಂದು ತಿಳಿದರೆ ಟಾರ್ಕ್ ರೆಂಚ್ ಏಕೆ ಬೇಕೆಂದು ಯಾರಿಗೂ ವಾದಿಸಬೇಕಾಗುವುದಿಲ್ಲ. ಬೋಲ್ಟು ಸಬ್‌ಫ್ರೇಮನ್ನು ಮೊಳೆಯಂತೆ ಚುಚ್ಚಿ ನಿಲ್ಲಿಸುವುದಿಲ್ಲ. ಬಿಗಿದಾಗ ಅದು ತಾನು ಹಿಗ್ಗಿ, ಹಿಂದಕ್ಕೆ ಕುಗ್ಗಲು ಹವಣಿಸುತ್ತ, ಸಬ್‌ಫ್ರೇಮನ್ನು ಬಾಡಿಗೆ ಅಮುಕುತ್ತದೆ. ಆ ಅಮುಕಿನಿಂದ ಹುಟ್ಟುವ ತಿಕ್ಕಾಟವೇ ಚೌಕಟ್ಟನ್ನು ಸರಿಯದಂತೆ ಹಿಡಿಯುವುದು. 12 ಮಿಲಿಮೀಟರಿನ ಗಟ್ಟಿ ಉಕ್ಕಿನ ಬೋಲ್ಟನ್ನು 120 ನ್ಯೂಟನ್ ಮೀಟರಿಗೆ ಬಿಗಿದರೆ, ಎಂಜಿನಿಯರುಗಳ ಸಾಮಾನ್ಯ ಸೂತ್ರದ ಪ್ರಕಾರ ಅಮುಕು ಸುಮಾರು 5 ಟನ್. ಬೋಲ್ಟು 80 ಮಿಲಿಮೀಟರ್ ಉದ್ದ ಹಿಡಿದಿದ್ದರೆ ಅದು ಹಿಗ್ಗುವುದು ಕಾಲು ಮಿಲಿಮೀಟರಿನ ಆಸುಪಾಸು. ಇಷ್ಟು ಸಣ್ಣ ಹಿಗ್ಗಿನಲ್ಲಿ ಇಷ್ಟು ದೊಡ್ಡ ಬಲ ಅಡಗಿದೆ. ಮಣ್ಣು, ಬಣ್ಣ, ತುಕ್ಕಿನ ಪದರು ನಡುವೆ ಉಳಿದು ಆಮೇಲೆ ಉದುರಿದರೆ ಆ ಕಾಲು ಮಿಲಿಮೀಟರೇ ಕರಗಿಹೋಗುತ್ತದೆ. ಬೋಲ್ಟು ಕಣ್ಣಿಗೆ ಬಿಗಿಯಾಗಿಯೇ ಇರುತ್ತದೆ, ಅಮುಕು ಮಾತ್ರ ಹೋಗಿರುತ್ತದೆ. ಬ್ರೇಕ್ ಒತ್ತಿದಾಗ ಕೇಳುವ ‘ಟಕ್’ ಎಂಬ ಸಪ್ಪಳ ಆಗ ಶುರುವಾಗುತ್ತದೆ.

120 ನ್ಯೂಟನ್ ಮೀಟರ್ ಎಂದರೆ ಒಂದು ಮೀಟರ್ ಉದ್ದದ ಹಿಡಿಕೆಯ ತುದಿಗೆ ಸುಮಾರು 12 ಕಿಲೊ ತೂಗುಹಾಕಿದಷ್ಟು. ಅರ್ಧ ಮೀಟರಿನ ಹಿಡಿಕೆಗೆ 24 ಕಿಲೊ. ಪಾನಾಕ್ಕೆ ಪೈಪು ಸಿಗಿಸಿ 60 ಕಿಲೊದ ಆಳು ಅರ್ಧ ಮೀಟರಿನ ಮೇಲೆ ಮೈಭಾರ ಬಿಟ್ಟರೆ ಅದು 300ರ ಹತ್ತಿರ ಹೋಗುತ್ತದೆ. ಅಷ್ಟಕ್ಕೆ ಇದೇ ಬೋಲ್ಟು ಹಿಗ್ಗುವ ಮಿತಿ ದಾಟಿ ಎಳೆದು ಸೋಲುತ್ತದೆ. ‘ಗಟ್ಟಿ ಬಿಗದೇನ್ರಿ’ ಎಂಬ ಮಾತಿನಲ್ಲಿ ಇರುವ ಅಪಾಯ ಇದು. ಥ್ರೆಡ್ಡಿಗೆ ಎಣ್ಣೆ ಹಚ್ಚಿದರೆ ತಿಕ್ಕಾಟ ಕಡಿಮೆಯಾಗಿ ಅದೇ ಟಾರ್ಕಿಗೆ ಬೋಲ್ಟು ಇನ್ನೂ ಹೆಚ್ಚು ಹಿಗ್ಗುತ್ತದೆ, ಆದ್ದರಿಂದ ಒಣಗಿದ್ದಕ್ಕೆ ಕೊಟ್ಟ ಸಂಖ್ಯೆಯನ್ನು ಎಣ್ಣೆ ಹಚ್ಚಿದ್ದಕ್ಕೆ ಬಳಸಬಾರದು. ಸರಿಯಾದ ಸಂಖ್ಯೆ ಗಾಡಿಯಿಂದ ಗಾಡಿಗೆ ಬೇರೆ, ಒಂದೇ ಗಾಡಿಯಲ್ಲಿ ಮುಂದಿನ ಬೋಲ್ಟಿಗೂ ಹಿಂದಿನದಕ್ಕೂ ಬೇರೆ. ಅದನ್ನು ಆಯಾ ಗಾಡಿಯ ಸರ್ವಿಸ್ ಪುಸ್ತಕದಲ್ಲಿ ನೋಡಿಯೇ ಹಿಡಿಯಬೇಕು. ಕೆಲವು ಬೋಲ್ಟುಗಳನ್ನು ಟಾರ್ಕ್ ಕೊಟ್ಟ ಮೇಲೆ ಇಂತಿಷ್ಟು ಡಿಗ್ರಿ ತಿರುಗಿಸಬೇಕೆಂದು ಬರೆದಿರುತ್ತದೆ. ಅಂಥವು ಸಾಮಾನ್ಯವಾಗಿ ಒಂದೇ ಸಲದ ಬೋಲ್ಟುಗಳು, ಬಿಚ್ಚಿದ ಮೇಲೆ ಹೊಸದೇ ಹಾಕಬೇಕು. ನಾಲ್ಕು ಬೋಲ್ಟಿನ ಬಿಲ್ಲು ನೋಡಿ ಮುಖ ಸಿಂಡರಿಸುವ ಮಾಲಕರಿಗೆ ಈ ಕಾರಣ ತಿಳಿಸಿ ಹೇಳಬೇಕು.

ಎಲ್ಲಕ್ಕಿಂತ ಹೆಚ್ಚು ತಪ್ಪು ನಡೆಯುವ ಜಾಗ ರಬ್ಬರ್ ಬುಶ್ಶು. ಲೋವರ್ ಆರ್ಮಿನ ಬುಡದಲ್ಲಿ ಎರಡು ಉಕ್ಕಿನ ಕೊಳವೆಗಳಿರುತ್ತವೆ, ಒಂದರೊಳಗೆ ಒಂದು. ನಡುವೆ ರಬ್ಬರು, ಎರಡಕ್ಕೂ ಅಂಟಿಕೊಂಡದ್ದು. ಬೋಲ್ಟು ಬಿಗಿದಾಗ ಒಳಕೊಳವೆ ಸಬ್‌ಫ್ರೇಮಿನ ಕಿವಿಗಳ ನಡುವೆ ಅಲುಗದಂತೆ ನಿಲ್ಲುತ್ತದೆ. ಆರ್ಮು ಮೇಲೆ ಕೆಳಗೆ ಆಡುವಾಗ ತಿರುಚಿಕೊಳ್ಳುವುದು ರಬ್ಬರು. ಗಾಲಿ ಗಾಳಿಯಲ್ಲಿ ತೂಗುತ್ತಿರುವಾಗ ಆರ್ಮು ಕೆಳಮುಖವಾಗಿ ಇಳಿದಿರುತ್ತದೆ. ಆ ಸ್ಥಿತಿಯಲ್ಲೇ ಬೋಲ್ಟು ಬಿಗಿದು ಗಾಡಿ ಇಳಿಸಿದರೆ, ಆರ್ಮು ಮೇಲೆದ್ದು ರಬ್ಬರು ತಿರುಚಿಯೇ ನಿಲ್ಲುತ್ತದೆ. ಗಾಡಿ ಮನೆ ಮುಂದೆ ನಿಂತಿದ್ದಾಗಲೂ ತಿರುಚು ಬಿಡುವುದಿಲ್ಲ. ಅದರ ಮೇಲೆ ಪ್ರತಿ ಹಂಪು, ಪ್ರತಿ ಗುಂಡಿ ಇನ್ನಷ್ಟು ತಿರುಚುತ್ತದೆ. ವರ್ಷಗಟ್ಟಲೆ ಬಾಳಬೇಕಾದ ಬುಶ್ಶು ಕೆಲವೇ ತಿಂಗಳಲ್ಲಿ ಹರಿಯುತ್ತದೆ. ಆಗ ‘ಡುಪ್ಲಿಕೇಟ್ ಮಾಲು’ ಎಂದು ಅಂಗಡಿಯವನ ಮೇಲೆ ಗೂಬೆ ಕೂರಿಸುತ್ತಾರೆ.

ಸರಿಯಾದ ಕ್ರಮ ಸರಳ. ಬುಶ್ಶಿನ ಬೋಲ್ಟುಗಳನ್ನು ಸಡಿಲಾಗಿ ಬಿಟ್ಟು, ಗಾಡಿಯನ್ನು ಗಾಲಿಯ ಮೇಲೆ ಇಳಿಸಿ, ಮುಂಭಾಗವನ್ನು ಎರಡು ಸಲ ಒತ್ತಿ ಬಿಟ್ಟು, ಆಮೇಲೆ ಬಿಗಿಯಬೇಕು. ದೊಡ್ಡ ಶೋರೂಮುಗಳ ಎರಡು ಕಂಬದ ಲಿಫ್ಟಿನ ಮೇಲೆ ಗಾಲಿಗಳು ತೂಗುತ್ತಲೇ ಇರುತ್ತವೆ, ಅಲ್ಲಿ ಇದಕ್ಕೆ ಬೇರೆ ವ್ಯವಸ್ಥೆ ಬೇಕು. ನಮ್ಮ ಸಣ್ಣ ಊರುಗಳ ಗ್ಯಾರೇಜಿನಲ್ಲಿ ನೆಲ ತೋಡಿ ಕಟ್ಟಿದ ಗುಂಡಿ ಇರುತ್ತದೆ. ಗಾಡಿ ತನ್ನ ನಾಲ್ಕು ಗಾಲಿಯ ಮೇಲೆ ನಿಂತಿರುವಾಗಲೇ ಕೆಳಗೆ ನಿಂತು ಬಿಗಿಯಬಹುದು. ಈ ಒಂದು ಹಂತಕ್ಕೆ ಆ ಹಳೆಯ ಗುಂಡಿ ಲಿಫ್ಟಿಗಿಂತ ಮೇಲು ಎಂದು ನಾನು ಯಾವ ಅಳುಕಿಲ್ಲದೆ ಹೇಳುತ್ತೇನೆ. ಗುಂಡಿಯಿಲ್ಲದವರು ಬಾಲ್ ಜಾಯಿಂಟಿನ ಹತ್ತಿರ ಆರ್ಮಿನ ಕೆಳಗೆ ಇನ್ನೊಂದು ಜ್ಯಾಕ್ ಇಟ್ಟು, ಗಾಡಿ ಸ್ಟ್ಯಾಂಡಿನಿಂದ ಏಳಲು ಶುರುವಾಗುವವರೆಗೆ ಎತ್ತಿ ಬಿಗಿಯಬಹುದು.

ಉಳಿದ ಜೋಡಣೆ ಬೇಗ ಮುಗಿಯುತ್ತದೆ. ಸ್ಟೇರಿಂಗ್ ಜಾಯಿಂಟಿನ ಗೆರೆಗೆ ಗೆರೆ ಕೂಡಿಸಿ ಬೋಲ್ಟು ಹಾಕಬೇಕು. ಈ ಬೋಲ್ಟನ್ನು ಬಿಗಿಯಲು ಮರೆತರೆ ನಡುರಸ್ತೆಯಲ್ಲಿ ಚಕ್ರ ತಿರುಗುತ್ತದೆ, ಗಾಲಿ ತಿರುಗುವುದಿಲ್ಲ. ಆದ್ದರಿಂದ ಬಿಗಿದವನಲ್ಲದೆ ಇನ್ನೊಬ್ಬನೂ ಕೈಯಿಟ್ಟು ನೋಡುವ ಪದ್ಧತಿ ಒಳ್ಳೆಯದು. ಟೈ ರಾಡಿನ ತುದಿಯಲ್ಲಿ ಹಲ್ಲಿನ ನಟ್ಟಿದ್ದರೆ ಹೇಳಿದಷ್ಟು ಬಿಗಿದ ಮೇಲೆ ಸ್ಪ್ಲಿಟ್ ಪಿನ್ನಿನ ರಂಧ್ರ ಕೂಡದಿದ್ದಾಗ ಇನ್ನೊಂದಿಷ್ಟು ಮುಂದಕ್ಕೆ ಬಿಗಿಯಬೇಕೇ ಹೊರತು ಹಿಂದಕ್ಕೆ ಸಡಿಲಿಸಬಾರದು. ಹಳೆಯ ಪಿನ್ನನ್ನು ನೆಟ್ಟಗೆ ಮಾಡಿ ಮತ್ತೆ ಹಾಕುವುದಂತೂ ಬೇಡವೇ ಬೇಡ.

ಕಡೆಗೆ ಅಲೈನ್‌ಮೆಂಟ್. ಬಹುಪಾಲು ಸಣ್ಣ ಕಾರುಗಳಲ್ಲಿ ಯಂತ್ರದ ಮುಂದೆ ಕೂತವನು ತಿರುಗಿಸಿ ಸರಿಮಾಡಬಹುದಾದ್ದು ಟೋ ಒಂದೇ, ಅಂದರೆ ಮೇಲಿನಿಂದ ನೋಡಿದರೆ ಎರಡು ಗಾಲಿಗಳ ಮೂತಿ ಒಳಗೆ ತಿರುಗಿದೆಯೋ ಹೊರಗೋ ಎಂಬುದು. ಗಾಲಿ ವಾಲಿದ ಕ್ಯಾಂಬರ್, ಗಾಲಿಯ ತಿರುಗು ಅಕ್ಷ ಹಿಂದಕ್ಕೆ ಓರೆಯಾದ ಕ್ಯಾಸ್ಟರ್, ಇವೆರಡನ್ನೂ ನಿರ್ಧರಿಸುವುದು ಸಬ್‌ಫ್ರೇಮಿನ ಜಾಗ. ಅದಕ್ಕೇ ಅಲೈನ್‌ಮೆಂಟ್ ಮಾಡಿಸಿದ ಮೇಲೂ ಗಾಡಿ ಜಗ್ಗುತ್ತಿತ್ತು: ಸ್ಟೇರಿಂಗ್ ನೆಟ್ಟಗಾದದ್ದು ಟೋದಿಂದ, ಜಗ್ಗುತ್ತಿದ್ದದ್ದು ಕ್ಯಾಂಬರಿನಿಂದ.

ಆದ್ದರಿಂದ ಮಾಲಕರು ಅಲೈನ್‌ಮೆಂಟಿನ ಚೀಟಿ ಕೇಳಿ ತೆಗೆದುಕೊಳ್ಳಬೇಕು. ‘ಓಕೆ ಆಗೇತ್ರಿ’ ಎಂಬ ಮಾತು ಸಾಲದು. ಚೀಟಿಯಲ್ಲಿ ಎಡಬಲದ ಕ್ಯಾಂಬರನ್ನು ಪಕ್ಕಪಕ್ಕ ಓದಬೇಕು. ಒಂದು ಬದಿ ಎಷ್ಟು ಕಡಿಮೆಯೋ ಇನ್ನೊಂದು ಬದಿ ಅಷ್ಟೇ ಹೆಚ್ಚಿದ್ದರೆ ಗುಮಾನಿ ಸಬ್‌ಫ್ರೇಮಿನ ಮೇಲೆ. ಇದನ್ನು ಖಾತ್ರಿ ಮಾಡಿಕೊಳ್ಳಲೂ ದಾರಿಯಿದೆ. ಒಳ್ಳೆಯ ಯಂತ್ರಗಳು ಎಸ್.ಎ.ಐ. ಎಂಬ ಇನ್ನೊಂದು ಕೋನವನ್ನೂ ಅಳೆಯುತ್ತವೆ. ಗಾಲಿ ತಿರುಗುವ ಅಕ್ಷ ತಲೆಯ ಕಡೆ ಎಷ್ಟು ಒಳಕ್ಕೆ ವಾಲಿದೆ ಎಂಬುದೇ ಅದು. ಎಸ್.ಎ.ಐ. ಮತ್ತು ಕ್ಯಾಂಬರ್ ಕೂಡಿಸಿದ ಮೊತ್ತ ಎರಡೂ ಬದಿಗೆ ಸಮನಾಗಿದ್ದು, ಬಿಡಿಬಿಡಿಯಾಗಿ ನೋಡಿದರೆ ಎಡಬಲ ಬೇರೆಯಾಗಿದ್ದರೆ ಸ್ಟ್ರಟ್ಟಾಗಲಿ ನಕಲ್ಲಾಗಲಿ ಬಗ್ಗಿಲ್ಲ, ಬಹುಮಟ್ಟಿಗೆ ಸಬ್‌ಫ್ರೇಮ್ ಸರಿದಿದೆ. ಮೊತ್ತವೇ ಬೇರೆಯಾಗಿದ್ದರೆ ಸ್ಟ್ರಟ್ಟೋ, ಗಾಲಿಯನ್ನು ಹೊತ್ತು ತಿರುಗುವ ನಕಲ್ಲೋ ಬಗ್ಗಿದೆ. ಹೊಸ ಟೈರು, ಹೊಸ ಶಾಕಪ್ಪು ಎಂದು ಹಣ ಸುರಿಯುವ ಮೊದಲು ಈ ಎರಡು ಸಂಖ್ಯೆ ಕೂಡಿಸಿದರೆ ಎಷ್ಟೋ ಖರ್ಚು ಉಳಿಯುತ್ತದೆ.

ನಮ್ಮ ಮಿಸ್ತ್ರಿಗಳಿಗೆ ಇದೆಲ್ಲ ಬರುವುದಿಲ್ಲ ಎಂದು ನಾನು ಒಪ್ಪುವುದಿಲ್ಲ. ಐಟಿಐಯಲ್ಲಿ ಮೋಟಾರು ವಾಹನದ ಎರಡು ವರ್ಷದ ಕೋರ್ಸು ಮುಗಿಸಿ ಬಂದ ಹುಡುಗರು ತಾಲೂಕಿನ ಗ್ಯಾರೇಜುಗಳಲ್ಲಿದ್ದಾರೆ, ಅಪ್ಪನ ಕೈ ನೋಡಿ ಕಲಿತವರೂ ಇದ್ದಾರೆ. ಕಡಿಮೆಯಿರುವುದು ವೇಳೆ. ಬೆಳಗ್ಗೆ ಬಿಟ್ಟ ಗಾಡಿ ಸಂಜೆ ಮದುವೆಗೆ ಬೇಕು ಎಂದು ತಲೆಯ ಮೇಲೆ ನಿಂತರೆ ಗೆರೆ ಎಳೆಯುವುದೂ ಇಲ್ಲ, ಕರ್ಣ ಅಳೆಯುವುದೂ ಇಲ್ಲ. ಟಾರ್ಕ್ ರೆಂಚಿಗೆ ಕೆಲವು ಸಾವಿರ ರೂಪಾಯಿ ಹಾಕಿದ ಗ್ಯಾರೇಜಿನವನು ನೂರು ರೂಪಾಯಿ ಮಜೂರಿ ಹೆಚ್ಚು ಕೇಳಿದರೆ ಕೊಡಬೇಕು. ಗಾಡಿ ಬಿಡುವಾಗಲೇ “ಬುಶ್ಶಿನ ಬೋಲ್ಟ ಗಾಲಿ ಮ್ಯಾಲ ಇಳಿಸಿ ಬಿಗೀರಿ, ಚೀಟಿ ಕೊಡ್ರಿ” ಎಂದು ಹೇಳಿದರೆ ಕಸುಬುದಾರ ಮಿಸ್ತ್ರಿಗೆ ಸಿಟ್ಟು ಬರುವುದಿಲ್ಲ. ಕೇಳುವವರು ಬಂದರೆಂದು ಖುಷಿಯೇ ಆಗುತ್ತದೆ.

ಚೀಟಿಯಲ್ಲಿ ಎಡಬಲ ಕೂಡದಿದ್ದರೂ ಗಾಬರಿ ಬೇಕಿಲ್ಲ. ಗಾಡಿಯನ್ನು ಮತ್ತೆ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಸಬ್‌ಫ್ರೇಮಿನ ಕೆಳಗೆ ಜ್ಯಾಕ್ ಆನಿಸಿ, ಬೋಲ್ಟುಗಳನ್ನು ಪೂರ್ತಿ ಬಿಚ್ಚದೆ ಎರಡು ಮೂರು ಸುತ್ತು ಸಡಿಲಿಸಬೇಕು. ಬಲ ಟೈರು ಹೊರಕ್ಕೆ ವಾಲಿದ್ದರೆ ಟಾಮಿಯಿಂದ ಸಬ್‌ಫ್ರೇಮನ್ನು ಬಲಕ್ಕೆ ಒತ್ತಿ ಹಿಡಿದು, ಅಳತೆ ನೋಡಿ, ಅದೇ ಕ್ರಮದಲ್ಲಿ ಮತ್ತೆ ಬಿಗಿಯಬೇಕು. ಒಂದೇ ಸಲದ ಬೋಲ್ಟುಗಳಿದ್ದರೆ ಕಡೆಯ ಬಿಗಿತಕ್ಕೆ ಹೊಸದನ್ನೇ ಹಾಕಬೇಕು. ಆಮೇಲೆ ಟೋ ಹೊಸದಾಗಿ ಸರಿಮಾಡಿಸಿ, ಇನ್ನೊಂದು ಚೀಟಿ ತೆಗೆಸಿ, ಎರಡನ್ನೂ ಗಾಡಿಯ ಕಾಗದಪತ್ರದ ಜೊತೆ ಇಟ್ಟುಕೊಳ್ಳಬೇಕು. ಮುಂದಿನ ಸಲ ಕ್ಲಚ್ಚಿಗೆಂದು ಬಿಚ್ಚುವ ಮಿಸ್ತ್ರಿಗೆ ಆ ಸಂಖ್ಯೆಗಳೇ ಮೊದಲ ಗೆರೆ.